ಬಸ್ಸಲ್ಲೇ ಹೋಗಿ ಗುಡ್ಡ ಹತ್ತಿ ಸಂಜೆಗೆ ಹುಬ್ಬಳ್ಳಿಗೆ ವಾಪಸ್, ಕಪ್ಪತಗುಡ್ಡ ಆಗುತ್ತಾ?

ಕೇಶ್ವಾಪುರದವಳು

ನಮಸ್ಕಾರ ಎಲ್ಲರಿಗೂ. ಮಹಾನವಮಿ ರಜೆಯಲ್ಲಿ ಒಂದು ದಿನ ಗುಡ್ಡ ಹತ್ತಬೇಕು ಅಂತ ಮನೆಯಲ್ಲಿ ಮಾತಾಗಿದೆ. ನಾನು, ನನ್ನ ತಂಗಿ, ಆರನೇ ಕ್ಲಾಸಿನ ಮಗಳು, ಜೊತೆಗೆ ಅಮ್ಮ. ಅಮ್ಮನಿಗೆ 62. ದಿನಾ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ, ಏರು ಹತ್ತುವುದಕ್ಕೆ ಏನೂ ತೊಂದರೆ ಇಲ್ಲ, ಇಳಿಯುವಾಗ ಮಾತ್ರ ಮೊಣಕಾಲು ಹಿಡಿದುಕೊಳ್ಳುತ್ತದೆ.

ನಮ್ಮ ಹತ್ತಿರ ಕಾರಿಲ್ಲ, ಬೈಕೂ ಇಲ್ಲ. ದಯವಿಟ್ಟು ಯಾರೂ "ಒಂದು ಕಾರು ಮಾಡಿಕೊಂಡು ಹೋಗಿ" ಅನ್ನಬೇಡಿ. ಒಂದು ದಿನದ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಮತ್ತೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವುದು ನನಗೂ ಮಗಳಿಗೂ ನಿಜವಾಗಿ ಇಷ್ಟ. ನೃಪತುಂಗ ಬೆಟ್ಟಕ್ಕೆ ಆಗಾಗ ಹೋಗುತ್ತೇವೆ, ಚೆನ್ನಾಗಿದೆ, ಆದರೆ ಅಲ್ಲಿಂದ ಕಾಣುವುದು ನಮ್ಮ ಊರೇ. ಈ ಸಲ ಊರು ಬಿಟ್ಟು ಹೊಲ, ಹಳ್ಳಿ, ಗುಡ್ಡ ಇರುವ ಕಡೆ ಹೋಗಬೇಕು.

ಮಗಳು ಎಲ್ಲೋ ಕಪ್ಪತಗುಡ್ಡದ ಫೋಟೋ ನೋಡಿ ಅಲ್ಲಿಗೇ ಹೋಗೋಣ ಅಂತ ಹಟ ಹಿಡಿದಿದ್ದಾಳೆ. ಗದಗಿನ ತನಕ ಗೊತ್ತು, ಮುಂದೆ ಎಲ್ಲಿ ಇಳಿಯಬೇಕು, ಎಲ್ಲಿಂದ ನಡೆಯಬೇಕು ಗೊತ್ತಿಲ್ಲ. ಚಿರತೆ ಇದೆ ಅನ್ನುತ್ತಾರೆ, ಹೌದಾ? ಹೆಂಗಸರೇ ಹೋಗುತ್ತಿದ್ದೇವೆ, ಕತ್ತಲಾಗುವುದರೊಳಗೆ ಕನಿಷ್ಠ ಗದಗಿನ ಬಸ್ ಸ್ಟ್ಯಾಂಡಿನಲ್ಲಾದರೂ ಇರಬೇಕು. ಬೇರೆ ಗುಡ್ಡ ಇದಕ್ಕಿಂತ ಚೆನ್ನಾಗಿದೆ ಅನ್ನುವುದಾದರೆ ಅದನ್ನೂ ಹೇಳಿ.

ಬೆಟಗೇರಿ ಮಗ್ಗ

ಅಕ್ಕಾ, ಮೊದಲು ನಿಮ್ಮ ಮಗಳಿಗೆ ಶಾಭಾಸ್. ನಮ್ಮ ಕಡೆ "ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು" ಅಂತ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಗದಗಿನ ಪಕ್ಕ ಬಿಂಕದಕಟ್ಟಿಯಿಂದ ಶುರುವಾಗಿ ತುಂಗಭದ್ರೆಯ ದಂಡೆ ಸಿಂಗಟಾಲೂರಿನ ತನಕ ಸಾಲಾಗಿ ಹಬ್ಬಿದೆ, 60 ಕಿ.ಮೀ.ಗೂ ಜಾಸ್ತಿ ಉದ್ದ. ಅದಕ್ಕೇ "ಕಪ್ಪತಗುಡ್ಡಕ್ಕೆ ಹೋಗಬೇಕು" ಅಂದರೆ ಗದಗಿನವರು ತಿರುಗಿ ಕೇಳುವುದು "ಯಾವ ಕಡೆ?" ಅಂತಲೇ.

ಬಸ್ಸಿನಲ್ಲಿ ಬರುವವರಿಗೆ ಸರಿಯಾದ ಕಡೆ ಡಂಬಳ ಮತ್ತು ದೋಣಿ. ಹುಬ್ಬಳ್ಳಿಯಿಂದ ಗದಗಿಗೆ ರೈಲಿಗೂ ಬರಬಹುದು, 58 ಕಿ.ಮೀ., ಅಣ್ಣಿಗೇರಿ ಮೇಲೆ ಆರಾಮಾಗಿ ಬರುತ್ತದೆ. ಬಸ್ಸಂತೂ ಬೆಳಗಿನಿಂದ ಒಂದರ ಹಿಂದೆ ಒಂದು ಇವೆ. ಗದಗಿನಲ್ಲಿ ಮುಂಡರಗಿ ಬಸ್ ಹತ್ತಿ ಡಂಬಳದಲ್ಲಿ ಇಳಿಯಿರಿ, 20 ಕಿ.ಮೀ. ಆಸುಪಾಸು. ಡಂಬಳದ ತನಕ ಬಸ್ಸಿಗೆ ಕೊರತೆ ಇಲ್ಲ. ಅಲ್ಲಿಂದ ದೋಣಿಗೆ ಬಸ್ ಕಡಿಮೆ, ತೊಡಕಿರುವುದು ಅಲ್ಲೇ. ಟಂಟಂ, ಅಂದರೆ ಶೇರ್ ಆಟೋ, ಸಿಕ್ಕರೆ ಸರಿ, ಇಲ್ಲದಿದ್ದರೆ ಕಾಯಬೇಕು.

ದೋಣಿ ಕಡೆ ನಂದಿವೇರಿ ಮಠ ಇದೆ, ಮೇಲೆ ಕಪ್ಪತ ಮಲ್ಲಯ್ಯನ ಗುಡಿ ಇದೆ, ಗಾಳಿಗುಂಡಿ ಬಸವಣ್ಣ ಇದೆ. ಗಾಳಿಗುಂಡಿಯಲ್ಲಿ ನಿಂತರೆ ಮಾತಾಡಿದ್ದು ಪಕ್ಕದವರಿಗೆ ಕೇಳುವುದಿಲ್ಲ, ಆ ಮಟ್ಟಿಗೆ ಗಾಳಿ. ಸೆರಗು, ದುಪಟ್ಟಾ ಗಟ್ಟಿ ಸಿಕ್ಕಿಸಿಕೊಂಡು ಹೋಗಿ. ಶ್ರಾವಣದಲ್ಲಿ ಸುತ್ತಲ ಹಳ್ಳಿಯವರು ಮಲ್ಲಯ್ಯನಿಗೆ ಅಂತ ಗುಂಪು ಗುಂಪಾಗಿ ಹತ್ತುತ್ತಾರೆ, ಆಗ ದಾರಿಯಲ್ಲಿ ಜನ ಇರುತ್ತಾರೆ. ನೀವು ಬರುವ ಹೊತ್ತಿಗೆ ಅಷ್ಟು ಜನ ಇರುವುದಿಲ್ಲ.

ಹೋದಾಗ ಕಲ್ಲು ನೋಡಿ. ಕೆಂಪು, ಕಪ್ಪು ಪಟ್ಟೆ ಇರುವ ಕಲ್ಲು ದಾರಿಯಲ್ಲೇ ಬಿದ್ದಿರುತ್ತದೆ. ಕೈಗೆ ಎತ್ತಿಕೊಂಡರೆ ಅಂದಾಜಿಗಿಂತ ಭಾರ. ಕಬ್ಬಿಣ ಇದೆ ಒಳಗೆ. ಮಗಳ ಕೈಗೆ ಒಂದು ಕೊಟ್ಟು ನೋಡಿ, ಆಮೇಲೆ ಅಲ್ಲೇ ಇಡಿಸಿ. ಈ ಗುಡ್ಡದ ಮೇಲೆ ಗಣಿಯವರ ಕಣ್ಣು ಬಿದ್ದದ್ದು ಈ ಭಾರಕ್ಕೇ. ಚಿನ್ನದ ಆಸೆಯೂ ಇತ್ತು, ಬ್ರಿಟಿಷರ ಕಾಲದಲ್ಲೇ ಕಬಲಾಯತಕಟ್ಟಿ ಕಡೆ ಅಗೆದಿದ್ದರು. 2015ರಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಣೆ ಆಯಿತು, 2016ರಲ್ಲಿ ಅದನ್ನು ವಾಪಸ್ ತೆಗೆದರು, ಆಗ ಗದಗಿನ ಜನ ಬೀದಿಗಿಳಿದರು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2017ರಲ್ಲಿ ಮತ್ತೆ ಮೀಸಲು ಆಯಿತು, 2019ರಲ್ಲಿ ವನ್ಯಜೀವಿ ಧಾಮ ಆಯಿತು, 244 ಚದರ ಕಿ.ಮೀ. ಅಷ್ಟು ಹೊತ್ತಿಗೆ ಸ್ವಾಮಿಗಳು ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಅವರು ಇದನ್ನು ನೋಡಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಧಾಮ ಆದ ಮೇಲೆ ಒಂದು ಮಾತು ನೆನಪಿಡಿ. ಗುಡಿ, ಮಠಕ್ಕೆ ಜನ ಹೋಗುವ ರಸ್ತೆಯಲ್ಲೇ ಹೋಗಿ ಬನ್ನಿ. ರಸ್ತೆ ಬಿಟ್ಟು ಕಾಡಿನೊಳಗೆ ನಡೆಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರಡುವ ಮುಂಚೆ ಗದಗ ಇಲ್ಲವೇ ಮುಂಡರಗಿ ಕಚೇರಿಗೆ ಒಂದು ಫೋನ್ ಮಾಡಿ ಕೇಳಿಬಿಡಿ. ಚಿರತೆ ಇದೆ, ಸುಳ್ಳಲ್ಲ. ತೋಳ, ಕತ್ತೆಕಿರುಬ, ಕೊಂಡುಕುರಿ ಎಲ್ಲಾ ಇವೆ. ಹಗಲು ಹೊತ್ತು, ಗುಂಪಾಗಿ, ಮಾತಾಡುತ್ತಾ ಹೋದರೆ ಅವು ನಿಮಗಿಂತ ಮೊದಲೇ ದೂರ ಹೋಗಿರುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಮಾತ್ರ ಬೇಡ. ಮಗಳನ್ನು ಮುಂದೆ ಒಬ್ಬಳೇ ಓಡಲು ಬಿಡಬೇಡಿ.

ಗಡದ ಹುಡುಗಿ

ಮೇಲೆ ಬರೆದಿದ್ದು ಎಲ್ಲಾ ಒಪ್ಪುತ್ತೇನೆ. ಆದರೆ ಅಕ್ಕ ಕೇಳಿದ್ದು ಅಮ್ಮನನ್ನೂ ಮಗುವನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬರುವುದಕ್ಕೆ, ಅಲ್ವಾ? ಹಾಗಿದ್ದರೆ ನಾನು ಗಜೇಂದ್ರಗಡವನ್ನೇ ಹೇಳುವುದು. ನಮ್ಮೂರು ಅಂತ ಹೇಳುತ್ತಿಲ್ಲ. ಕಪ್ಪತಗುಡ್ಡದಲ್ಲಿ ಬಸ್ ಒಂದು ಕಡೆ, ಗುಡ್ಡ ಒಂದು ಕಡೆ. ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ ಗುಡ್ಡ ಕಾಣುತ್ತದೆ. ತಾಲ್ಲೂಕು ಊರು, ಬಸ್ಸು ಬರುತ್ತಲೇ ಇರುತ್ತವೆ. ಒಂದು ತಪ್ಪಿದರೆ ಇನ್ನೊಂದು.

ನೋಡುವುದಕ್ಕೆ ಎರಡು ಗುಡ್ಡ. ಒಂದು ಊರ ತಲೆಯ ಮೇಲಿನ ಕೋಟೆ ಗುಡ್ಡ. ಘೋರ್ಪಡೆಯವರ ಕೋಟೆ. ಮರಾಠರಿಗೂ ಟಿಪ್ಪುವಿಗೂ 1787ರಲ್ಲಿ ಒಪ್ಪಂದ ಆಯಿತಲ್ಲ, ಗಜೇಂದ್ರಗಡದ ಒಪ್ಪಂದ ಅಂತ ಪುಸ್ತಕದಲ್ಲಿ ಬರುತ್ತದೆ, ಅದು ನಮ್ಮದೇ ಊರು. ಮಗಳಿಗೆ ಹೇಳಿ, ಮುಂದೆ ಪರೀಕ್ಷೆಗೂ ಆಗುತ್ತದೆ. ಇನ್ನೊಂದು ಕಾಲಕಾಲೇಶ್ವರ. ಊರಿನಿಂದ ಸ್ವಲ್ಪ ದೂರ, ಆಟೋ ಸಿಗುತ್ತದೆ, ನಡೆದೂ ಹೋಗಬಹುದು.

ನಿಮ್ಮ ಅಮ್ಮನಿಗೆ ಕಾಲಕಾಲೇಶ್ವರವೇ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ. ಕೆಂಪು ಕಲ್ಲಿನ ಗುಡ್ಡ, ಬಾದಾಮಿ ಕಡೆ ಇರುವ ಹಾಗೆಯೇ. ಮೆಟ್ಟಿಲು ಹತ್ತುತ್ತಾ ಹೋದರೆ ಬಂಡೆಯ ಮಗ್ಗುಲಲ್ಲಿ ಗುಡಿ. ಅಲ್ಲೇ ಅಂತರಗಂಗೆ. ಬಂಡೆ ಸಂದಿಯಿಂದ, ಮರದ ಬೇರಿನ ಗುಂಟ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಸುತ್ತಲ ಕೆರೆ, ಬಾವಿ ಒಣಗಿ ಬಿರಿದ ಬೇಸಿಗೆಯಲ್ಲೂ ಇದು ನಿಲ್ಲುವುದಿಲ್ಲ. ಕೆಳಗೆ ಕೈ ಹಿಡಿದು ನಿಂತರೆ ಒಂದು ಹನಿ ಬಿದ್ದು ಇನ್ನೊಂದು ಬೀಳುವ ತನಕ ಮಕ್ಕಳು ಅಲ್ಲಾಡದೆ ನಿಲ್ಲುತ್ತಾರೆ, ನೀವೇ ನೋಡುತ್ತೀರಿ. ಬಿಸಿಲಲ್ಲಿ ಹತ್ತಿ ಬಂದು ಅಲ್ಲಿ ಕೂತರೆ ಬೆನ್ನಿಗೆ ತಂಪು ಹತ್ತುತ್ತದೆ.

ಯುಗಾದಿಯ ಹಿಂದಿನ ರಾತ್ರಿ ಗುಡಿಯಲ್ಲಿ ಸುಣ್ಣ, ಸುರಮಂಜಿ ಕಲಸಿ ಇಟ್ಟು ಬರುತ್ತಾರೆ, ಬೆಳಗಾಗುವುದರೊಳಗೆ ಗುಡಿಗೆ ತಾನಾಗಿ ಬಣ್ಣ ಬಳಿದಿರುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ಅದನ್ನು ನೋಡಿ ಆ ವರ್ಷದ ಮುಂಗಾರು, ಹಿಂಗಾರು ಹೇಗೆ ಅಂತ ರೈತರು ಲೆಕ್ಕ ಹಾಕುತ್ತಾರೆ. ನಮ್ಮ ಅಜ್ಜ ಆ ದಿನ ಗುಡಿಯಿಂದ ಸುದ್ದಿ ಬರುವ ತನಕ ಊಟಕ್ಕೆ ಕೂರುತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಗದಗ, ಗದಗಿನಿಂದ ಕೋಟುಮಚಗಿ, ನರೇಗಲ್ ಮೇಲೆ ಗಜೇಂದ್ರಗಡ. ಗದಗಿನಿಂದ 50 ಕಿ.ಮೀ.ಗೆ ಸ್ವಲ್ಪ ಜಾಸ್ತಿ. ದೂರ ಅನ್ನಿಸುತ್ತದೆ, ಆದರೆ ಈ ಕಾಲದಲ್ಲಿ ದಾರಿಯುದ್ದಕ್ಕೂ ಎರೆ ಹೊಲದಲ್ಲಿ ಹೆಸರಿನ ರಾಶಿ ಮುಗಿದು ಜೋಳ, ಕಡಲೆ ಬಿತ್ತುವ ಗದ್ದಲ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಬಲು ದೂರದಿಂದಲೇ ಕಾಣುತ್ತದೆ. ಕಿಟಕಿ ಪಕ್ಕ ಕೂರುವುದು ಇಷ್ಟ ಅಂದಿರಲ್ಲ, ಅದಕ್ಕೆ ಹೇಳಿದೆ. ವಾಪಸ್ ಬರುವಾಗ ಪಟ್ಟೇದಂಚಿನ ಸೀರೆ ನೋಡಿ ಬನ್ನಿ, ಕೈಮಗ್ಗದ್ದು, ಅಮ್ಮನಿಗೆ ಖಂಡಿತ ಗೊತ್ತಿರುತ್ತದೆ.

ಒಂದು ಎಚ್ಚರಿಕೆ: ಮಂಗಗಳು. ಬುತ್ತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿಯಬೇಡಿ, ಹೆಗಲ ಬ್ಯಾಗಿನೊಳಗೆ ಇಟ್ಟು ಜಿಪ್ ಹಾಕಿ.

ಎರೆಹೊಲ

ನಾನು ಡಂಬಳದ ಹತ್ತಿರದವನು, ಒಕ್ಕಲುತನ. ಸ್ವಲ್ಪ ಹೇಳುತ್ತೇನೆ.

ಮಳೆ ಬಿದ್ದ ಮರುದಿನ ಬರಬೇಡಿ. ಎರೆ ಮಣ್ಣು ಚಪ್ಪಲಿಗೆ ಹತ್ತಿಕೊಂಡರೆ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಾ ಹೋಗುತ್ತದೆ, ಹತ್ತು ಮಾರು ನಡೆಯುವುದರೊಳಗೆ ಚಪ್ಪಲಿ ಕಿತ್ತು ಕೈಗೆ ಬರುತ್ತದೆ. ಗುಡ್ಡ ಹತ್ತಿದ ಮೇಲೆ ತೊಂದರೆ ಇಲ್ಲ, ಅದು ಮೊರಡಿ ನೆಲ. ಕೆಳಗಿನ ಹೊಲದ ದಾರಿಯೇ ಕಷ್ಟ.

ದೀಪಾವಳಿ ಹೊತ್ತಿಗೆ ಹುಲ್ಲು ಬಲಿತು ಬೀಜ ಬಿಡುತ್ತದೆ. ಸೂಜಿಯ ಹಾಗೆ ಚೂಪು, ಸಾಕ್ಸಿನೊಳಗೆ, ಸೀರೆ ಅಂಚಿಗೆ ಚುಚ್ಚಿಕೊಂಡು ಒಳಗೊಳಗೇ ತಿರುಚಿಕೊಂಡು ಹೋಗುತ್ತದೆ. ಎಳೆದರೆ ಬಾಲ ಕೈಗೆ ಬರುತ್ತದೆ, ಮುಳ್ಳು ಅಲ್ಲೇ ಉಳಿಯುತ್ತದೆ. ಮಹಾನವಮಿಗೆ ಬಂದರೆ ಹುಲ್ಲು ಇನ್ನೂ ಹಸಿರು ಇರುತ್ತದೆ, ಅಷ್ಟು ಕಾಟ ಇರುವುದಿಲ್ಲ.

ಮತ್ತೊಂದು ವಿಷಯ ಕೈಮುಗಿದು ಕೇಳುತ್ತೇನೆ, ಇದನ್ನು ಓದುವ ಎಲ್ಲರಿಗೂ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಗುಡ್ಡಕ್ಕೆ ತರಬೇಡಿ. ಆಳೆತ್ತರದ ಬಾದೆ ಹುಲ್ಲು ಒಣಗಿದ ಮೇಲೆ ಒಂದು ಕಿಡಿ ಸಾಕು, ಗಾಳಿ ಬೇರೆ ಜೋರು. ಬೇಸಿಗೆಯಲ್ಲಿ ರಾತ್ರಿ ನಮ್ಮ ಅಂಗಳದಲ್ಲಿ ಕೂತರೆ ಗುಡ್ಡದ ನೆತ್ತಿಯ ಗುಂಟ ಬೆಂಕಿ ಹರಿಯುವುದು ಕಾಣುತ್ತದೆ. ನವಿಲು ಕೂಗುವುದೂ ಕೇಳುತ್ತದೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ಅದು. ಎಲ್ಲಿಗೆ ಹೋಗಬೇಕು? ಔಷಧಿ ಗಿಡಗಳ ಗುಡ್ಡ ಅಂತ ಹೆಸರು ಹೊತ್ತ ಗುಡ್ಡ ಇದು, ವೈದ್ಯರು ದೂರದೂರದಿಂದ ಬೇರು ಹುಡುಕಿ ಬರುತ್ತಿದ್ದರು. ಬೆಂಕಿ ಕಾಲದಲ್ಲಿ ಒಳಗೆ ಬಿಡದಿದ್ದರೆ ದಯವಿಟ್ಟು ಜಗಳ ಮಾಡಬೇಡಿ.

ಡಂಬಳಕ್ಕೆ ಬಂದರೆ ದೊಡ್ಡಬಸಪ್ಪನ ಗುಡಿ ಬಿಟ್ಟು ಹೋಗಬೇಡಿ. ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗೋಡೆ ನಕ್ಷತ್ರದ ಆಕಾರ, 24 ಮೂಲೆ. ಒಂದು ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ತಿರುಗಿಸಿ ಗೆರೆ ಎಳೆದರೆ ಆ ಆಕಾರ ಬರುತ್ತದೆ, ಮಗಳಿಗೆ ಪೇಪರಿನ ಮೇಲೆ ಮಾಡಿ ತೋರಿಸಿ ಆಮೇಲೆ ಗೋಡೆ ಮುಟ್ಟಿಕೊಂಡು ಸುತ್ತು ಹಾಕಿಸಿ.

ಕೇಶ್ವಾಪುರದವಳು

ಅಯ್ಯೋ ಎಷ್ಟು ಚೆನ್ನಾಗಿ ಹೇಳಿದ್ದೀರಿ ಎಲ್ಲರೂ, ಧನ್ಯವಾದ. ಅಂತರಗಂಗೆ ಅಂದ ತಕ್ಷಣ ಅಮ್ಮ "ಅಲ್ಲಿಗೇ" ಅಂದುಬಿಟ್ಟರು. ಮಗಳ ಮುಖ ಸಪ್ಪಗಾಗಿದೆ. ಕಪ್ಪತಗುಡ್ಡಕ್ಕೆ ನಾನು, ತಂಗಿ, ಮಗಳು ಮೂವರೇ ಇನ್ನೊಂದು ದಿನ ಹೋಗುವುದು ಅಂತ ಮಾತು ಕೊಟ್ಟಿದ್ದೇನೆ. ಅದಕ್ಕೇ ಇನ್ನೊಂದು ಪ್ರಶ್ನೆ. ದೋಣಿಯಂಥ ಹಳ್ಳಿಯಿಂದ ವಾಪಸ್ ಬರುವ ಕೊನೆ ಬಸ್ ಎಷ್ಟಕ್ಕೆ ಅಂತ ಹೇಗೆ ತಿಳಿಯುವುದು? ಫೋನಿನಲ್ಲಿ ಹುಡುಕಿದರೆ ಹಳ್ಳಿ ಬಸ್ಸಿನ ಟೈಮು ಎಲ್ಲೂ ಸರಿಯಾಗಿ ಸಿಗುತ್ತಿಲ್ಲ. ಶಕ್ತಿ ಟಿಕೆಟ್ ಈ ಎಲ್ಲಾ ಬಸ್ಸಿನಲ್ಲೂ ನಡೆಯುತ್ತಾ?

ಚಾಕ್‌ಪೀಸ್ ಟೀಚರ್

ಇದಕ್ಕೆ ನಾನು ಹೇಳುತ್ತೇನೆ. ದಿನಾ ಗದಗಿನಿಂದ ಹಳ್ಳಿ ಶಾಲೆಗೆ ಬಸ್ಸಿನಲ್ಲೇ ಓಡಾಡುವವಳು.

ಹಳ್ಳಿ ಬಸ್ಸಿನ ವಿಷಯದಲ್ಲಿ ಫೋನ್ ನಂಬಬೇಡಿ, ಮನುಷ್ಯರನ್ನು ಕೇಳಿ. ಗದಗ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಇರುತ್ತಾರೆ, ಕಿಟಕಿಯಲ್ಲಿ ಕೇಳಿದರೆ ಹೇಳುತ್ತಾರೆ. ಅದಕ್ಕಿಂತ ಖಾತ್ರಿ ನೀವು ಹೋಗುವ ಬಸ್ಸಿನ ಕಂಡಕ್ಟರ್. ಹತ್ತುವಾಗಲೇ ಕೇಳಿ, "ಇದೇ ಗಾಡಿ ಮತ್ತೆ ಎಷ್ಟಕ್ಕೆ ಬರುತ್ತದೆ, ಅದರ ಹಿಂದೆ ಇನ್ನೊಂದು ಇದೆಯಾ?" ಇಳಿದ ಮೇಲೆ ಊರ ಸ್ಟಾಪಿನ ಚಹಾ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಇಬ್ಬರೂ ಒಂದೇ ಟೈಮು ಹೇಳಿದರೆ ಅದು ಸರಿ. ಬೇರೆ ಬೇರೆ ಹೇಳಿದರೆ ಯಾವುದು ಮುಂಚೆಯೋ ಅದಕ್ಕೆ ಬಂದು ನಿಲ್ಲಿ.

ಈಗ ಮುಖ್ಯ ಮಾತು. ಸಂಜೆ ಹಳ್ಳಿಗೆ ಬರುವ ಕೊನೆ ಬಸ್ಸನ್ನು ನೋಡಿ "ಇದೇ ತಿರುಗಿ ಹೋಗುತ್ತದೆ" ಅಂದುಕೊಳ್ಳಬೇಡಿ. ಅದು ಬಹಳ ಸಲ ವಸ್ತಿ ಗಾಡಿ. ಡ್ರೈವರ್, ಕಂಡಕ್ಟರ್ ಅಲ್ಲೇ ಊರಲ್ಲಿ ಉಳಿದು ಬೆಳಿಗ್ಗೆ ಮೊದಲ ಟ್ರಿಪ್ ಹೊಡೆಯುತ್ತಾರೆ. ಬೇರೆ ಊರಿನಿಂದ ಬಂದವರು ಸಿಕ್ಕಿಬೀಳುವುದೇ ಇಲ್ಲಿ. ಅದಕ್ಕೇ "ಕೊನೆ ಬಸ್ ಎಷ್ಟಕ್ಕೆ" ಅಂತ ಕೇಳಬೇಡಿ, "ವಸ್ತಿ ಬಿಟ್ಟು ಕೊನೆ ಬಸ್ ಎಷ್ಟಕ್ಕೆ" ಅಂತ ಕೇಳಿ. ಕೇಳುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ, ಮತ್ತೆ ಆ ಕೊನೆಯದನ್ನೂ ನೆಚ್ಚದೆ ಅದರ ಹಿಂದಿನದಕ್ಕೇ ಹೊರಡಿ.

ರಜೆ ದಿನದ ಲೆಕ್ಕವೂ ಬೇರೆ. ಶಾಲೆ, ಕಾಲೇಜು ಮಕ್ಕಳಿಗೆ ಅಂತಲೇ ಓಡುವ ಕೆಲವು ಟ್ರಿಪ್ ರಜೆಯಲ್ಲಿ ಇರುವುದಿಲ್ಲ. ಹತ್ತಿರದಲ್ಲಿ ಯಾವುದಾದರೂ ಜಾತ್ರೆ ಇದ್ದರೆ ಗಾಡಿಗಳನ್ನು ಆ ಕಡೆ ಹಾಕಿಬಿಡುತ್ತಾರೆ. ಹಬ್ಬದ ವಾರದಲ್ಲಿ ದೋಣಿ ಕಡೆ ಹೋಗುವ ಬದಲು ಒಂದು ಸಾದಾ ಶನಿವಾರ ಹೋಗಿ. ಏನೂ ಸಿಗದಿದ್ದರೆ ಟಂಟಂ ಹಿಡಿದು ಡಂಬಳದ ತನಕ ಬಂದುಬಿಡಿ. ಮುಂಡರಗಿ ರಸ್ತೆ ಸೇರಿದರೆ ನೀವು ಮನೆ ಸೇರಿದ ಹಾಗೆಯೇ.

ಶಕ್ತಿ ಟಿಕೆಟ್ ನಡೆಯುತ್ತದೆ. 2023ರ ಜೂನ್ 11ರಿಂದ ಇದೆ, ಸಿಟಿ ಬಸ್, ಸಾಮಾನ್ಯ ಸಾರಿಗೆ, ಎಕ್ಸ್‌ಪ್ರೆಸ್ ಎಲ್ಲದರಲ್ಲೂ ಮಹಿಳೆಯರಿಗೆ ಉಚಿತ. ಸ್ಲೀಪರ್, ಎಸಿ ಥರದ ಬಸ್ಸಿನಲ್ಲಿ ಇಲ್ಲ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಮಗಳದ್ದೂ ಇರಲಿ. ಶೂನ್ಯ ಟಿಕೆಟ್ ಕೇಳಿ ತೆಗೆದುಕೊಂಡು ಇಳಿಯುವ ತನಕ ಕೈಯಲ್ಲಿಡಿ, ಚೆಕಿಂಗ್ ಬಂದರೆ ತೋರಿಸಬೇಕು. ನಮ್ಮ ಶಾಲೆಯ ಅಡುಗೆಯ ಅಮ್ಮಂದಿರು ಈ ಯೋಜನೆ ಬಂದ ಮೇಲೆ ಮೊದಲ ಸಲ ಊರು ಬಿಟ್ಟು ಗುಡಿ, ಗುಡ್ಡ ಅಂತ ಹೊರಟಿದ್ದಾರೆ. ನೋಡಿದರೆ ನನಗೆ ಬಹಳ ಖುಷಿ. ನಿಮ್ಮ ನಾಲ್ಕೂ ಜನಕ್ಕೆ ಬಸ್ಸಿನ ಖರ್ಚೇ ಇಲ್ಲ ಅಂದ ಮೇಲೆ ಆ ದುಡ್ಡಲ್ಲಿ ಗದಗಿನಲ್ಲಿ ಬಿಸಿ ಮಿರ್ಚಿ ಭಜಿ ತಿಂದೇ ಹೋಗಿ.

ಅಮ್ಮನ ಮೊಣಕಾಲಿಗೆ: ಒಂದು ಕೋಲು ಒಯ್ಯಿರಿ. ಇಳಿಯುವಾಗ ಸ್ವಲ್ಪ ಓರೆಯಾಗಿ, ಒಂದೊಂದೇ ಮೆಟ್ಟಿಲು ಇಳಿಯಲಿ. ಬೆಳಿಗ್ಗೆ ಬೇಗ ಹತ್ತಿದರೆ ಇಳಿಯುವುದಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ.

ರಾಣೇಬೆನ್ನೂರು ರೈಲು

ತಡವಾಗಿ ಬಂದೆ. ಮಹಾನವಮಿ ಅಂದಿದ್ದಕ್ಕೆ ಹೇಳುತ್ತಿದ್ದೇನೆ, ಹಾವೇರಿ ಕಡೆ ಬರುವುದಾದರೆ ನಮ್ಮ ದೇವರಗುಡ್ಡ ಇದೆ. ಮಾಲತೇಶನ ಗುಡ್ಡ, ರಾಣೇಬೆನ್ನೂರಿನಿಂದ ಬಸ್. ಆಯುಧಪೂಜೆ ದಿನ ಕಾರಣಿಕ, ಅಂದರೆ ಭವಿಷ್ಯ ನುಡಿಯುವುದು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದರೆ ಅಷ್ಟು ಸಾವಿರ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಅದನ್ನು ಕೇಳಬೇಕು ಅಂದರೆ ಆ ದಿನ ಬನ್ನಿ. ಸುಮ್ನೆ ಗುಡ್ಡ ಹತ್ತಿ ಗಾಳಿಗೆ ಕೂರಬೇಕು ಅಂದರೆ ಆ ದಿನ ಮಾತ್ರ ಬೇಡ, ಕಾಲಿಡುವುದಕ್ಕೂ ಜಾಗ ಇರುವುದಿಲ್ಲ, ಅಮ್ಮನಿಗೆ ಕಷ್ಟ.

ಕೇಶ್ವಾಪುರದವಳು

ವಸ್ತಿ ಗಾಡಿ ವಿಷಯ ನನಗೆ ಗೊತ್ತೇ ಇರಲಿಲ್ಲ ಟೀಚರ್, ದೊಡ್ಡ ಉಪಕಾರ. ಹಾಗಾದರೆ ರಜೆಯಲ್ಲಿ ಗಜೇಂದ್ರಗಡ, ಅಮ್ಮನ ಜೊತೆ. ಕಾಲಕಾಲೇಶ್ವರ ಮೊದಲು, ಹೊತ್ತಿದ್ದರೆ ಕೋಟೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಕಪ್ಪತಗುಡ್ಡಕ್ಕೆ ಹೊರಡುವ ಮುಂಚೆ ಅರಣ್ಯ ಇಲಾಖೆಗೆ ಫೋನ್ ಮಾಡಿ ಕೇಳಿ ಇಲ್ಲೇ ಬರೆಯುತ್ತೇನೆ, ಬೇರೆಯವರಿಗೂ ಅನುಕೂಲ ಆಗಲಿ.

ಗಡದ ಹುಡುಗಿ

ಬನ್ನಿ ಬನ್ನಿ. ಗದಗಿನಲ್ಲಿ ನರೇಗಲ್ ಮೇಲೆ ಹೋಗುವ ಬಸ್ಸೇ ಹತ್ತಿ, ರೋಣದ ಮೇಲಿನದು ಸ್ವಲ್ಪ ಸುತ್ತು. ಬೋರ್ಡಿನಲ್ಲಿ ಬರೀ "ಗಜೇಂದ್ರಗಡ" ಅಂತ ಇದ್ದರೆ ಯಾವ ದಾರಿ ಅಂತ ಕೇಳಿಯೇ ಹತ್ತಿ. ಮೊಸರು ಸ್ಟೀಲ್ ಡಬ್ಬಿಯಲ್ಲಿರಲಿ.